ಕೊಡುವ ಕೈ, ನೋಡುವ ಕಣ್ಣು

ಶ್ರಾವಕನಿಗೆ ವಿಧಿಸಿದ ನಿತ್ಯ ಷಟ್ಕರ್ಮಗಳಲ್ಲಿ ದಾನವು ಕೊನೆಯದು. ದೇವಪೂಜೆ, ಸ್ವಾಧ್ಯಾಯ, ಸಂಯಮ, ತಪಸ್ಸುಗಳನ್ನು ಒಬ್ಬನೇ ಆಚರಿಸಬಹುದು. ಗುರೂಪಾಸ್ತಿಗೆ ಗುರುಗಳು ಬೇಕು. ದಾನಕ್ಕೆ ಪಡೆಯುವವರು ಬೇಕು. ಗುರುಗಳ ಮುಂದೆ ಹೇಗೆ ನಿಲ್ಲಬೇಕೆಂಬುದನ್ನು ಹಿರಿಯರು ನಮಗೆ ಬಾಲ್ಯದಲ್ಲಿಯೇ ಕಲಿಸಿದರು. ಪಡೆಯುವವರ ಮುಂದೆ ಹೇಗೆ ನಿಲ್ಲಬೇಕೆಂಬುದನ್ನು ನಾನಂತೂ ಬಹಳ ತಡವಾಗಿ ಯೋಚಿಸಿದೆ. ಹಾಗೆ ಯೋಚಿಸುವಂತೆ ಮಾಡಿದ್ದು ಟಿ.ವಿ. ವಾಹಿನಿಗಳಲ್ಲಿ ನಡೆಯುವ ನಿಧಿಸಂಗ್ರಹದ ರಾತ್ರಿಗಳು.

2018ರ ಆಗಸ್ಟಿನಲ್ಲಿ ಕೇರಳವೂ ನಮ್ಮ ಕೊಡಗೂ ಮಳೆಗೆ ಸಿಕ್ಕಿ ನಲುಗಿದಾಗ ಎನ್‌ಡಿಟಿವಿ ವಾಹಿನಿಯು ಕೇರಳಕ್ಕಾಗಿ 6 ಗಂಟೆಗಳ ನೇರಪ್ರಸಾರ ನಡೆಸಿ 10 ಕೋಟಿ ರೂಪಾಯಿಗೂ ಹೆಚ್ಚು ಹಣ ಸಂಗ್ರಹಿಸಿತು. ಪಾಶ್ಚಾತ್ಯ ದೇಶಗಳಲ್ಲಿ ಈ ಪದ್ಧತಿ ಹಳೆಯದು. ಅಮೆರಿಕದಲ್ಲಿ ಸ್ನಾಯುಕ್ಷಯ ರೋಗಿಗಳ ನೆರವಿಗಾಗಿ ಹಾಸ್ಯನಟ ಜೆರ್ರಿ ಲೂಯಿಸ್ 1966ರಿಂದ 2010ರವರೆಗೆ ಪ್ರತಿವರ್ಷ ಸೆಪ್ಟೆಂಬರಿನ ಕಾರ್ಮಿಕ ದಿನದ ಹೊತ್ತಿಗೆ ಇಂಥ ಕಾರ್ಯಕ್ರಮ ನಡೆಸಿಕೊಟ್ಟರು. ಬ್ರಿಟನ್ನಿನ ಬಿಬಿಸಿಯು 1980ರಿಂದ ಪ್ರತಿ ನವೆಂಬರಿನಲ್ಲಿ ಕಷ್ಟದಲ್ಲಿರುವ ಮಕ್ಕಳಿಗಾಗಿ ಒಂದು ಸಂಜೆಯನ್ನು ಮೀಸಲಿಡುತ್ತ ಬಂದಿದೆ. ರೀತಿ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ. ಹಾಡು, ನಗೆಮಾತು, ತಾರೆಯರ ಮನವಿ. ನಡುನಡುವೆ ನೊಂದವರ ಕಥೆಯ ಕಿರುಚಿತ್ರ. ತೆರೆಯ ಮೂಲೆಯಲ್ಲಿ ಏರುತ್ತಲೇ ಇರುವ ಮೊತ್ತ.

ಅದೇ ಮಳೆಗಾಲದಲ್ಲಿ ಬೇರೊಂದು ವಾಹಿನಿಯ ಇಂಥದೇ ಕಾರ್ಯಕ್ರಮವನ್ನು ನಾನೂ ನನ್ನ ಶ್ರೀಮತಿಯೂ ನೋಡಿದೆವು. ಗುಡ್ಡ ಕುಸಿದು ಮನೆ ಕಳೆದುಕೊಂಡ ವೃದ್ಧೆಯೊಬ್ಬರನ್ನು ತೋರಿಸಿದರು. ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡರೆ ಕ್ಯಾಮೆರಾ ಇನ್ನೂ ಹತ್ತಿರಕ್ಕೆ ಹೋಯಿತು. ನಮ್ಮಿಬ್ಬರ ಕಣ್ಣುಗಳೂ ತುಂಬಿ ಬಂದವು. ಮಗನಿಗೆ ಫೋನ್ ಮಾಡಿ, ಅವನು ಹೇಳಿಕೊಟ್ಟಂತೆ 2000 ರೂಪಾಯಿ ಕಳುಹಿಸಿದೆ. ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ದಾನಿಗಳ ಹೆಸರುಗಳು ತೆರೆಯ ಕೆಳಭಾಗದಲ್ಲಿ ಸಾಲಾಗಿ ಹಾದುಹೋಗುತ್ತಿದ್ದವು. ಒಂಬತ್ತಕ್ಕೆ ಮಲಗುವ ನಾನು ಹನ್ನೊಂದೂವರೆಯವರೆಗೆ ಎದ್ದಿದ್ದೆ. ಶ್ರೀಮತಿ ಎರಡು ಬಾರಿ ಕರೆದರೂ ಸುದ್ದಿ ನೋಡುತ್ತಿದ್ದೇನೆ ಎಂದೆ. ಅದು ಸುಳ್ಳು. ನನ್ನ ಹೆಸರಿಗಾಗಿ ಕಾಯುತ್ತಿದ್ದೆ. ಅದು ಬರಲಿಲ್ಲ; ಅಥವಾ ನಾನು ತೂಕಡಿಸಿದಾಗ ಬಂದು ಹೋಗಿರಬೇಕು. ಮರುದಿನ ಬೆಳಗ್ಗೆ ಸಾಮಾಯಿಕಕ್ಕೆ ಕುಳಿತರೆ ಆ ವೃದ್ಧೆಯ ಮುಖಕ್ಕಿಂತ ಮೊದಲು ನೆನಪಾದದ್ದು ಬಾರದ ನನ್ನ ಹೆಸರು.

ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ದಾತೃವಿಗೆ ಇರಬೇಕಾದ ಏಳು ಗುಣಗಳನ್ನು ಹೇಳಿದ್ದಾರೆ. ಇಹಲೋಕದ ಫಲವನ್ನು ಬಯಸದಿರುವುದು ಅವುಗಳಲ್ಲಿ ಮೊದಲನೆಯದು, ನಿರಹಂಕಾರವು ಕೊನೆಯದು. ನಡುವೆ ಕ್ಷಮೆ, ನಿಷ್ಕಪಟತೆ, ಅನಸೂಯೆ, ಕೊಟ್ಟುದಕ್ಕೆ ವಿಷಾದಪಡದಿರುವುದು ಮತ್ತು ಹರ್ಷ. ಆ ರಾತ್ರಿಯ ನನಗೆ ಎಷ್ಟು ಅಂಕ ಬರುತ್ತಿತ್ತೆಂಬುದನ್ನು, ಮೂರು ದಶಕ ಉತ್ತರಪತ್ರಿಕೆ ತಿದ್ದಿದ ನನಗೆ ಬೇರೆಯವರು ಹೇಳಬೇಕಾಗಿಲ್ಲ.

ಹಾಗೆಂದು ಈ ಕಾರ್ಯಕ್ರಮಗಳನ್ನು ತಳ್ಳಿಹಾಕಲು ಮನಸ್ಸು ಒಪ್ಪುವುದಿಲ್ಲ. ನನ್ನ ಭಾವ ಕೆಟ್ಟಿತೆಂದರೆ ನಷ್ಟ ನನ್ನದು. ಆ ಹಣದಿಂದ ಕೊಂಡ ಹೊದಿಕೆ ಒಬ್ಬರನ್ನು ಬೆಚ್ಚಗಿಡುವುದರಲ್ಲಿ ಏನೂ ಕಡಿಮೆಯಾಗದು. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಪಾತ್ರದತ್ತಿಯೊಂದಿಗೆ ದಯಾದತ್ತಿಯನ್ನೂ ಹೇಳಿದ್ದಾರೆ. ಮುನಿಗಳಿಗೆ, ತ್ಯಾಗಿಗಳಿಗೆ ಕೊಡುವಾಗ ಪಾತ್ರವಿಚಾರವುಂಟು. ದಯೆಯಿಂದ ಕೊಡುವಾಗ ಎದುರಿಗಿರುವ ಜೀವಕ್ಕೆ ಭಯವಿದೆ, ನೋವಿದೆ ಎಂಬುದೇ ಸಾಕು. ಆರು ಗಂಟೆಗಳಲ್ಲಿ ಸಾವಿರಾರು ಮನೆಗಳ ಜನರ ಕೈಯನ್ನು ಜೇಬಿನ ಕಡೆಗೆ ತಿರುಗಿಸುವುದು ಸಣ್ಣ ಕಾರ್ಯವಲ್ಲ. ಗುಪ್ತದಾನವೇ ಶ್ರೇಷ್ಠವೆಂದು ಸಭೆಗಳಲ್ಲಿ ಹೇಳುವವರನ್ನು ಬಹಳ ನೋಡಿದ್ದೇನೆ. ಅವರಲ್ಲಿ ಕೆಲವರ ದಾನ ಎಷ್ಟು ಗುಪ್ತವೆಂದರೆ, ಪಡೆದವರಿಗೂ ಗೊತ್ತಾಗಿಲ್ಲ.

ಇನ್ನು ಹೆಸರಿನ ಆಸೆಯ ವಿಷಯದಲ್ಲಿ ವಾಹಿನಿಗಳನ್ನು ದೂರುವ ಮೊದಲು ನಮ್ಮ ಮನೆಯನ್ನೇ ನೋಡಿಕೊಳ್ಳಬೇಕು. ಪಂಚಕಲ್ಯಾಣದ ಮಂಟಪದಲ್ಲಿ ಸವಾಲು ಕೂಗಿ ಕಲಶ ಪಡೆಯುವುದು ನಮಗೆ ಹೊಸದೇನಲ್ಲ. 2018ರ ಫೆಬ್ರುವರಿಯಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದ ಪ್ರಥಮ ಕಲಶವು 11 ಕೋಟಿ ರೂಪಾಯಿಗೂ ಮೇಲ್ಪಟ್ಟ ಮೊತ್ತಕ್ಕೆ ಹೋಯಿತು. ಆ ಹಣ ಆಸ್ಪತ್ರೆಗೆ ವಿನಿಯೋಗವಾಗುವುದೆಂದು ಆಗ ತಿಳಿಸಿದ್ದರು. ಬಸದಿಗಳ ಗೋಡೆಯ ಅಮೃತಶಿಲೆಯ ಫಲಕಗಳು ಹಾಗಿರಲಿ, ಫ್ಯಾನಿನ ರೆಕ್ಕೆಗಳ ಮೇಲೂ ದಾನಿಗಳ ಹೆಸರಿರುತ್ತದೆ. ಫ್ಯಾನ್ ತಿರುಗುವಾಗ ಗಾಳಿ ಬರುತ್ತದೆ, ಹೆಸರು ಕಾಣುವುದಿಲ್ಲ. ಹೆಸರು ಓದಬೇಕಾದರೆ ಸೆಖೆಯಲ್ಲಿ ಕುಳಿತಿರಬೇಕು. ಆದರೆ ಲಕ್ಕುಂಡಿಯ 1007ರ ಶಾಸನವಾಗಲಿ ರನ್ನನ ಅಜಿತಪುರಾಣವಾಗಲಿ ಇಲ್ಲದಿದ್ದರೆ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರು ನಮ್ಮವರೆಗೆ ತಲುಪುತ್ತಿರಲಿಲ್ಲ. ಆಕೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ಪ್ರತಿವರ್ಷ ಮಕ್ಕಳಿಗೆ ಹೇಳುವಾಗ ನನ್ನ ಧ್ವನಿ ತಾನಾಗಿಯೇ ಏರುತ್ತಿತ್ತು. ದಾನವು ತಿಳಿದರೆ ಇನ್ನೊಬ್ಬರಿಗೂ ಕೊಡುವ ಮನಸ್ಸಾಗುತ್ತದೆ. ಆದ್ದರಿಂದ ಹೆಸರು ಹೊರಬರುವುದೇ ದೋಷವೆಂದು ನಾನು ಹೇಳಲಾರೆ.

ನಮ್ಮ ದಾನಶಾಸನಗಳನ್ನು ಗಮನಿಸಿ. ಕೊಟ್ಟವರಾರು, ಏನು ಕೊಟ್ಟರು, ಯಾವ ಕಾರ್ಯಕ್ಕೆ, ಯಾವ ಗುರುಗಳ ಕೈಗೆ, ಅಳಿದವರಿಗೆ ಏನು ಪಾಪ ಎಂಬುದೆಲ್ಲ ಅಲ್ಲಿರುತ್ತದೆ. ಉಂಡವನ ಹಸಿವು ಎಂಥದಿತ್ತೆಂದು ಯಾವ ಕಲ್ಲಿನಲ್ಲೂ ಕೆತ್ತಿದ್ದನ್ನು ನಾನು ಕಂಡಿಲ್ಲ. ವಾಹಿನಿಯ ರಾತ್ರಿಯಲ್ಲಿ ಕೊಡುವವನ ಹೆಸರು ಒಂದು ಕ್ಷಣ ಹಾದುಹೋಗುತ್ತದೆ. ಪಡೆಯುವವರ ಗಾಯ ಮಾತ್ರ ತೆರೆಯ ತುಂಬ ನಿಲ್ಲುತ್ತದೆ. ನನ್ನ ಸಂಕಟವಿರುವುದು ಇಲ್ಲಿ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ಕೆಲಸಕ್ಕಿದ್ದಾಗ ಪಟ್ಟಣದ ಉದಾರಿಗಳೊಬ್ಬರು ಇಪ್ಪತ್ತು ಮಕ್ಕಳಿಗೆ ಸಮವಸ್ತ್ರ ಕೊಡಲು ಬಂದರು. ಪಟ್ಟಿ ಮಾಡಿದವನು ನಾನು, ಮೈಕಿನಲ್ಲಿ ಹೆಸರು ಕೂಗಿದವನೂ ನಾನೇ. ದಾನಿಗಳ ಮನಸ್ಸು ಕರಗಲೆಂದು ಒಬ್ಬೊಬ್ಬ ವಿದ್ಯಾರ್ಥಿಯ ಹೆಸರಿನೊಂದಿಗೆ ಅವನ ಮನೆಯ ಸ್ಥಿತಿಯನ್ನೂ ಎರಡು ಮಾತಿನಲ್ಲಿ ಹೇಳಿದೆ. ತಂದೆ ತೀರಿಕೊಂಡಿದ್ದ ಒಬ್ಬ ಹುಡುಗ ಬಂದು, ಬಟ್ಟೆ ತೆಗೆದುಕೊಂಡು, ಫೋಟೋಕ್ಕೆ ನಿಂತು ಹೋದ. ಆ ವರ್ಷವೆಲ್ಲ ಅವನು ಮಾಸಿದ ಹಳೆಯ ಅಂಗಿಯಲ್ಲೇ ಬಂದ. ಕೊನೆಗೊಂದು ದಿನ ಕರೆದು ಕೇಳಿದೆ. "ಅದನ್ನ ಹಾಕ್ಕೊಂಡ್ರೆ ಎಲ್ರಿಗೂ ಗೊತ್ತಾಗುತ್ತೆ ಸಾರ್" ಎಂದ. ಪ್ರಾಣಿಗೆ ನೋವಾಗಬಾರದೆಂದು ಸಂಜೆಯ ಊಟವನ್ನು ಸೂರ್ಯಾಸ್ತದೊಳಗೆ ಮುಗಿಸುವ, ನೀರನ್ನು ಸೋಸಿ ಕುಡಿಯುವ ನಾನು ತುಂಬಿದ ಸಭೆಯಲ್ಲಿ ಮಾಡಿದ್ದು ಹಿಂಸೆಯಲ್ಲದೆ ಬೇರೇನೂ ಅಲ್ಲ. ಪ್ರಮತ್ತಯೋಗವೆಂದರೇನೆಂದು ತತ್ತ್ವಾರ್ಥಸೂತ್ರದ ಪಾಠದಲ್ಲಿ ಹಲವು ಬಾರಿ ಕೇಳಿದ್ದೆ. ಅರ್ಥವಾದದ್ದು ಆ ಹುಡುಗನ ಮಾತಿನಿಂದ.

ಅವನು ಮೆಲ್ಲಗೆ ಹೇಳಿದ್ದನ್ನು ಬೇರೆಡೆ ಜನರು ಬೀದಿಗಿಳಿದು ಹೇಳಿದ್ದಾರೆ. 1990 ಮತ್ತು 1992ರಲ್ಲಿ ಬ್ರಿಟನ್ನಿನ ಐಟಿವಿ ವಾಹಿನಿಯ ಇಂಥ ಕಾರ್ಯಕ್ರಮ ನಡೆಯುತ್ತಿದ್ದಾಗ ಲಂಡನ್ನಿನ ಸ್ಟುಡಿಯೋ ಹೊರಗೆ ಅಂಗವಿಕಲರೇ ಸೇರಿ ಪ್ರತಿಭಟಿಸಿದರು. ತಮಗೆ ಹಕ್ಕು ಬೇಕು, ಕನಿಕರ ಬೇಡ ಎಂಬುದು ಅವರ ವಾದವಾಗಿತ್ತು. 1992ರ ಬಳಿಕ ಆ ಕಾರ್ಯಕ್ರಮ ನಡೆಯಲಿಲ್ಲ. ಅಮೆರಿಕದಲ್ಲಿಯೂ, ಬಾಲ್ಯದಲ್ಲಿ ಅದೇ ಸ್ನಾಯುಕ್ಷಯ ಸಂಸ್ಥೆಯ ಭಿತ್ತಿಚಿತ್ರಗಳಲ್ಲಿ ಕಾಣಿಸಿಕೊಂಡಿದ್ದವರು ದೊಡ್ಡವರಾದ ಮೇಲೆ ಜೆರ್ರಿ ಲೂಯಿಸರ ಕಾರ್ಯಕ್ರಮವನ್ನು ವಿರೋಧಿಸಿದರು. ಹಣ ತಮ್ಮಂಥವರಿಗೇ ಬರುತ್ತಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ.

ಆಹಾರದಾನದ ವೇಳೆ ನಮ್ಮ ಮನೆಗಳಲ್ಲಿ ಏನಾಗುತ್ತದೆಂಬುದನ್ನು ನೆನೆಯಿರಿ. ಮುನಿಗಳು ಬರುವರೋ ಇಲ್ಲವೋ ಎಂದು ಶ್ರಾವಕರು ಬಾಗಿಲಲ್ಲಿ ಕಾಯುತ್ತಾರೆ. ಬಂದರೆ ಪ್ರತಿಗ್ರಹದಿಂದ ಆರಂಭಿಸಿ ನವಧಾಭಕ್ತಿ. ಉಚ್ಚಾಸನ ಪಡೆಯುವವರದು, ಪಾದ ತೊಳೆದು ನಮಸ್ಕರಿಸುವವನು ಕೊಡುವವನು. ಮುನಿಗಳು ನಿಂತು, ಕೈಯನ್ನೇ ಪಾತ್ರೆಯಾಗಿಸಿ ಸ್ವೀಕರಿಸುತ್ತಾರೆ. ಒಂದು ಕೂದಲು ಕಂಡರೂ ಅಂತರಾಯವಾಗಿ ಹಿಂದಿರುಗುವರಲ್ಲ ಎಂಬ ಅಂಜಿಕೆ ಇಡೀ ಮನೆಗಿರುತ್ತದೆ. ಅವರು ಕೃತಜ್ಞತೆ ಹೇಳುವುದಿಲ್ಲ. ಯಾರೂ ನಿರೀಕ್ಷಿಸುವುದೂ ಇಲ್ಲ. ಪ್ರವಾಹದ ಸಂತ್ರಸ್ತರು ಮುನಿಗಳಲ್ಲ, ದಯಾದತ್ತಿಗೆ ನವಧಾಭಕ್ತಿಯ ವಿಧಿಯೂ ಇಲ್ಲ, ಇದನ್ನು ಬಲ್ಲೆ. ಆದರೆ ವಾರದಲ್ಲೊಂದು ದಿನ ಹೀಗೆ ಬಾಗಲು ಕಲಿತ ಬೆನ್ನು ಇನ್ನೊಬ್ಬರಿಗೆ ಕಂಬಳಿ ಕೊಡುವಾಗ ಏಕೆ ಸೆಟೆದುಕೊಳ್ಳಬೇಕು? ಶ್ರವಣಬೆಳಗೊಳದಲ್ಲಿ ಚಾವುಂಡರಾಯನ ಕೊಡಗಟ್ಟಲೆ ಹಾಲು ಬಾಹುಬಲಿಯ ಪಾದ ಮುಟ್ಟದೆ ಹೋದ ಕಥೆಯನ್ನು ಓದುಗರಿಗೆ ನಾನು ಹೇಳಬೇಕಾಗಿಲ್ಲ. ಗುಳ್ಳಕಾಯಜ್ಜಿಯ ಮೂರ್ತಿ ಇಂದಿಗೂ ಸ್ವಾಮಿಯ ಎದುರು ನಿಂತಿದೆ, ಕೈಯಲ್ಲಿ ಆ ಪುಟ್ಟ ಗುಳ್ಳದೊಂದಿಗೆ.

ನಮ್ಮ ಜಿಲ್ಲೆಯ ಯುವಕರು ಮುಂದಿನ ತಿಂಗಳು ಸ್ಥಳೀಯ ಕೇಬಲ್ ವಾಹಿನಿಯಲ್ಲಿ ವೈದ್ಯಕೀಯ ನೆರವಿಗಾಗಿ ಇಂಥದೊಂದು ಸಂಜೆ ನಡೆಸಬೇಕೆಂದು ಸಲಹೆ ಕೇಳಲು ಬಂದಿದ್ದರು. ಬೇಡವೆನ್ನಲಿಲ್ಲ. ರೋಗಿಗಳ ಮುಖ ತೋರಿಸಬೇಡಿ, ಆಸ್ಪತ್ರೆಯ ಬಿಲ್ಲು ತೋರಿಸಿದರೆ ಸಾಕು ಎಂದೆ. ದಾನಿಗಳ ಹೆಸರನ್ನು ಅಕಾರಾದಿಯಲ್ಲಿ ಓದಿ, ಮೊತ್ತದ ಕ್ರಮದಲ್ಲಿ ಬೇಡ ಎಂದೆ. ಒಂದು ವರ್ಷವಾದ ಮೇಲೆ ಅದೇ ವಾಹಿನಿಯಲ್ಲಿ ಹದಿನೈದು ನಿಮಿಷ ಪಡೆದು, ಹಣ ಎಲ್ಲಿ ಹೋಯಿತೆಂದು ಲೆಕ್ಕ ಹೇಳಿ ಎಂದೆ. ಮೊದಲನೆಯದಕ್ಕೆ ಅವರಲ್ಲೊಬ್ಬ, "ಮುಖ ತೋರಿಸದಿದ್ದರೆ ಯಾರು ಕೊಡ್ತಾರೆ ಸಾರ್?" ಎಂದು ಕೇಳಿದ. ಅವನ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ಹಣ ಕೂಡದಿದ್ದರೆ ಚಿಕಿತ್ಸೆ ನಿಂತುಹೋಗುವ ಮೂವರ ಹೆಸರು ಅವನ ಕೈಯಲ್ಲಿತ್ತು. ನಾನೇ ಆ ವೃದ್ಧೆಯ ಮುಖ ನೋಡಿದ ಮೇಲಲ್ಲವೇ ಫೋನ್ ಎತ್ತಿಕೊಂಡದ್ದು? ಅವನಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಸದ್ಯಕ್ಕೆ ಪಟ್ಟಿಯಲ್ಲಿ ನನ್ನ ಹೆಸರಿಲ್ಲದಂತೆ ನೋಡಿಕೊಳ್ಳಿರೆಂದು ಹೇಳಿ, ನನ್ನ ಪಾಲಿನದನ್ನು ಮುಂಗಡವಾಗಿ ಕೊಟ್ಟು ಕಳುಹಿಸಿದೆ.