ತಂಗಳನ್ನಕ್ಕೆ ನಾಚಿಕೆ ಏತಕ್ಕೆ?

ಪೊಳ್ಳಾಚಿ, ಉಡುಮಲೆ ಕಡೆಯಿಂದ ಮುಂಜಾನೆಯೇ ಹೊರಟು ಉಕ್ಕಡಕ್ಕೆ ಬಂದಿಳಿಯುವ ನಮ್ಮ ರೈತಬಾಂಧವರಲ್ಲಿ ಕೆಲವರು ಬುತ್ತಿ ಬಿಚ್ಚಲು ನಾಚುತ್ತಾರೆ. ಒಳಗಿರುವುದು ತಂಗಳನ್ನ, ಮಜ್ಜಿಗೆ, ಈರುಳ್ಳಿ. ಕಂಡವರು ಏನೆಂದಾರೋ ಎಂದು ಪರೋಟಾ ಅಂಗಡಿಗೆ ನುಗ್ಗುತ್ತಾರೆ. ಈ ನಾಚಿಕೆ ಅಕಾರಣವಾದುದೆಂದು ನಮ್ಮ ಅಭಿಪ್ರಾಯ.

ಅನ್ನದ ಮುಖ್ಯ ಸತ್ವ ಪಿಷ್ಟ. ಬಿಸಿ ಅನ್ನದ ಪಿಷ್ಟವು ಸಣ್ಣ ಕರುಳಿನಲ್ಲಿ ಬೇಗನೆ ಒಡೆದು ಸಕ್ಕರೆಯಾಗಿ ರಕ್ತ ಸೇರುತ್ತದೆ. ಅನ್ನ ಆರಿದಾಗಲಾದರೋ ಪಿಷ್ಟದ ಎಳೆಗಳು ಮತ್ತೆ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಬಿಗಿದ ಭಾಗವನ್ನು ಜೀರ್ಣರಸಗಳು ಸುಲಭವಾಗಿ ಕತ್ತರಿಸಲಾರವು. 1982ರಲ್ಲಿ ಇಂಗ್ಲೆಂಡಿನ ಎಂಗ್ಲಿಸ್ಟ್ ಮತ್ತು ಸಂಗಡಿಗರು ಇಂಥದಕ್ಕೆ ‘ಎದುರು ನಿಲ್ಲುವ ಪಿಷ್ಟ’ ಎಂಬರ್ಥದ ಹೆಸರಿಟ್ಟರು.

ಹಾಗಾದರೆ ಅದು ವ್ಯರ್ಥವೇ? ದನ ಸಾಕಿದವರು ಹಾಗೆನ್ನಲಾರರು. ಹಸುವಿನ ಮೊದಲ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಹುಲ್ಲನ್ನು ಹುಳಿಸಿ ಆಮ್ಲಗಳನ್ನು ಮಾಡುತ್ತವೆ. ಹಸುವಿನ ಶಕ್ತಿಯಲ್ಲಿ ಬಹುಪಾಲು ಅವುಗಳದೇ. ನಮಗೆ ಆ ಹೊಟ್ಟೆಯಿಲ್ಲ, ದೊಡ್ಡ ಕರುಳೇ ಅದರ ಚಿಕ್ಕ ತಮ್ಮ. ಜೀರ್ಣವಾಗದೆ ಉಳಿದ ಪಿಷ್ಟ ಅಲ್ಲಿಗೆ ತಲಪಿದರೆ ಅಲ್ಲಿನ ಸೂಕ್ಷ್ಮಜೀವಿಗಳಿಗೆ ಹಬ್ಬ. ಅವು ಅಸೆಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್ ಎಂಬ ಆಮ್ಲಗಳನ್ನು ಮಾಡುತ್ತವೆ. ಬ್ಯುಟಿರಿಕ್ ಆಮ್ಲ ನಮ್ಮ ಬೆಣ್ಣೆಯಲ್ಲಿಯೂ ಉಂಟು. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಆಹಾರ. ಜೊತೆಗೆ ಗಾಳಿಯೂ ಹುಟ್ಟುವುದು, ಅದನ್ನು ಮುಚ್ಚಿಡುವುದೇಕೆ!

ಆದರೆ ತಂಗಳನ್ನವನ್ನು ಸಂಜೀವಿನಿಯೆಂದು ಹೊಗಳುವವರ ಮಾತನ್ನೂ ನಾವು ಒಪ್ಪೆವು. 2015ರಲ್ಲಿ ಪ್ರಕಟವಾದ ಇಂಡೋನೇಷ್ಯದ ಒಂದು ಪರೀಕ್ಷೆಯಲ್ಲಿ 100 ಗ್ರಾಂ ಬಿಸಿ ಬಿಳಿ ಅನ್ನದಲ್ಲಿ ಇಂಥ ಪಿಷ್ಟ 0.64 ಗ್ರಾಂ ಇತ್ತು. ಒಂದು ದಿನ ಶೀತಲದಲ್ಲಿಟ್ಟು ಮತ್ತೆ ಬಿಸಿ ಮಾಡಿದ ಅನ್ನದಲ್ಲಿ 1.65 ಗ್ರಾಂ. ಹೆಚ್ಚಳ ನಿಜ, ಆದರೆ ಅಲ್ಪ. ಎರಡು ತಟ್ಟೆ ತಂಗಳುಂಡರೆ ಆ ಲಾಭವೂ ತೊಳೆದುಹೋಗುತ್ತದೆ. ಸಕ್ಕರೆ ಕಾಯಿಲೆಯವರು ಇದನ್ನು ನಂಬಿ ಔಷಧಿ ಬಿಡಲೇಬಾರದು. ಅನ್ನದ ಪಾಲು ತಗ್ಗಿಸಿ ಹುರುಳಿ, ಅವರೆ, ಅಲಸಂದೆಗಳ ಪಾಲು ಹೆಚ್ಚಿಸುವುದು ಲೇಸು. ಬೇಳೆಕಾಳುಗಳಲ್ಲಿ ಈ ಪಿಷ್ಟ ಹೆಚ್ಚು. ಹಸಿ ಬಾಳೆಕಾಯಿಯಲ್ಲಿಯೂ ಧಾರಾಳವಾಗಿದೆ, ಬೇಯಿಸಿದರೆ ಬಹಳಷ್ಟು ಹೋಗುತ್ತದೆ, ಹಣ್ಣಾದರೆ ಸಕ್ಕರೆಯೇ ಆಗುತ್ತದೆ.

ತಂಗಳು ಮಾಡುವ ತಾಯಂದಿರಿಗೊಂದು ಮಾತು. ಅನ್ನವನ್ನು ದೊಡ್ಡ ಪಾತ್ರೆಯಲ್ಲಿ ಬೆಚ್ಚಗೆ ಮುಚ್ಚಿಡಬೇಡಿರಿ; ಅದರಲ್ಲಿ ವಾಂತಿಭೇದಿ ತರುವ ಜೀವಿಗಳು ಬೆಳೆಯಬಹುದು, ಅವುಗಳ ವಿಷ ಮತ್ತೆ ಕಾಯಿಸಿದರೂ ಹೋಗದಿರಬಹುದು. ಹರಡಿ ಬೇಗನೆ ಆರಿಸಿ, ಶುದ್ಧವಾದ ನೀರು ಹೊಯ್ದು, ಬೆಳಿಗ್ಗೆಯೇ ಉಂಡು ಮುಗಿಸಿರಿ. ಚಿತ್ತಿರೆಯ ಬಿಸಿಲಿನಲ್ಲಿ ಮಧ್ಯಾಹ್ನದವರೆಗೆ ಇಡುವುದು ಬೇಡ.