ಏಳು ಸೀಟಿನಲ್ಲಿ ಹತ್ತು ಮಂದಿ

ಪೆರ್ಲ ಪೇಟೆಯಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ನಮ್ಮವರ ಮನೆ ತುಂಬಿಕೊಂಡು ಹೋಗುವ ಓಮ್ನಿಯೋ ಈಕೋವೋ ಕಾಣುತ್ತದೆ. 1984ರಲ್ಲಿ ಮಾರುತಿ ವ್ಯಾನ್ ಆಗಿ ಬಂದ ಓಮ್ನಿ 2019ರಲ್ಲಿ ನಿಂತಿತು. ಅದರ ಜಾಗದಲ್ಲಿ ಈಗ ಈಕೋ.

ಒಳ್ಳೆಯ ಗಾಡಿಯೇ. ಅಗಲದ ಜಾರು ಬಾಗಿಲು, ಮಂಡಿನೋವಿನ ಉಮ್ಮನಿಗೂ ಹತ್ತಲು ಸುಲಭ. ಎಳೆತ ಹಿಂದಿನ ಚಕ್ರಕ್ಕಿರುವುದರಿಂದ ಜನ ತುಂಬಿದ್ದರೂ ಎಣ್ಮಕಜೆಯ ಏರು ಹತ್ತುತ್ತದೆ. ಇಂಜಿನ್ ಮುಂದಿನ ಸೀಟಿನಡಿ. ಬೇಸಿಗೆಯಲ್ಲಿ ಕಾವು ತಾಗುತ್ತದೆ, ಅದನ್ನು ಸಹಿಸಬಹುದು.

ಸಹಿಸಲಾಗದ್ದು ಬೇರೆ. 2016ರ ಗ್ಲೋಬಲ್ ಎನ್‌ಸಿಎಪಿ ಢಿಕ್ಕಿ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇಲ್ಲದ ಈಕೋಗೆ ಸಿಕ್ಕಿದ್ದು ಸೊನ್ನೆ ಸ್ಟಾರ್. 2025ರಲ್ಲಿ ಆರು ಏರ್‌ಬ್ಯಾಗ್ ಬಂದವು, ಏಳು ಸೀಟು ಆರಾಯಿತು. “ಒಂದು ಸೀಟು ಹೋಯಿತಲ್ಲಾ” ಎಂದು ನಮ್ಮ ಮಾವ ಗೊಣಗಿದರು. ಏಳಿದ್ದಾಗ ನಾವು ಏಳೇ ಮಂದಿ ಯಾವತ್ತು ಕೂತಿದ್ದೆವು ಮಾವ? ಉಪ್ಪಳದ ಮದುವೆಗೆ ಹತ್ತು ಮಂದಿ, ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಮಗು. ಏರ್‌ಬ್ಯಾಗ್ ಉಬ್ಬಿದರೆ ಮೊದಲ ಪೆಟ್ಟು ಆ ಮಗುವಿಗೇ.

ಹಳೆಯ ವ್ಯಾನ್ ನೋಡುವವರು ಬೆಲೆ ಕೇಳುವ ಮೊದಲು ಏರ್‌ಬ್ಯಾಗ್ ಎಷ್ಟು ಎಂದು ಕೇಳಿ. ಹೊಸತು ಕೊಂಡವರು ಆರೇ ಮಂದಿ ಕೂರಿ, ಮಕ್ಕಳನ್ನು ಹಿಂದೆ ಕೂರಿಸಿ. ಉಳಿದ ನಾಲ್ವರಿಗೆ ಪೆರ್ಲದಿಂದ ಬಸ್ಸಿದೆ.