ನಾಟಕ ಕೈಬಿಟ್ಟ ಪುಟಗಳು
ಜೀವವಿಕಾಸವನ್ನು ಬೋಧಿಸಿದ ಆರೋಪದ ಮೇಲೆ 1925ರಲ್ಲಿ ಅಮೆರಿಕದ ಟೆನ್ನೆಸೀ ರಾಜ್ಯದ ಡೇಟನ್‌ನಲ್ಲಿ ನಡೆದ ಶಿಕ್ಷಕ ಜಾನ್ ಸ್ಕೋಪ್ಸ್ ವಿಚಾರಣೆ ಬಹಳ ಮಂದಿಗೆ ಪರಿಚಿತವಾಗಿರುವುದು ಇತಿಹಾಸದಿಂದಲ್ಲ, ಜೆರೋಮ್ ಲಾರೆನ್ಸ್ ಮತ್ತು ರಾಬರ್ಟ್ ಲೀ ರಚಿಸಿದ 1955ರ ‘ಇನ್‌ಹೆರಿಟ್ ದ ವಿಂಡ್’ ನಾಟಕದಿಂದ. 100 ಡಾಲರ್ ದಂಡ ಬಿದ್ದರೂ ಸೆರೆವಾಸ ಕಾಣದ ಶಿಕ್ಷಕನನ್ನು ಕಂಬಿಗಳ ಹಿಂದೆ ಕೂರಿಸಿದ್ದು, ವಿಚಾರಣೆ ಮುಗಿದ 5 ದಿನಗಳ ಮೇಲೆ ನಿದ್ರೆಯಲ್ಲಿ ತೀರಿಕೊಂಡ, ಶಿಕ್ಷಕನ ವಿರುದ್ಧ ವಾದಿಸಿದ್ದ ವಿಲಿಯಂ ಜೆನಿಂಗ್ಸ್ ಬ್ರಯಾನ್‌ರ ಪ್ರತಿರೂಪವಾದ ಬ್ರೇಡಿ ನ್ಯಾಯಾಲಯದಲ್ಲೇ ಕುಸಿಯುವಂತೆ ಮಾಡಿದ್ದು ರಂಗದ ಅಗತ್ಯವೆನ್ನಬಹುದು. ಆದರೆ ವಿವಾದದ ಕೇಂದ್ರದಲ್ಲಿದ್ದ ‘ಸಿವಿಕ್ ಬಯಾಲಜಿ’ ಪಠ್ಯಪುಸ್ತಕವು ಮಾನವ ಜನಾಂಗಗಳನ್ನು ಮೇಲುಕೀಳಾಗಿ ವಿಂಗಡಿಸಿ, ಸುಸಂತಾನವಾದವನ್ನು, ಅಂದರೆ ಅಯೋಗ್ಯರೆನಿಸಿದವರ ಸಂತಾನವನ್ನು ತಡೆಯಬೇಕೆಂಬ ವಾದವನ್ನು, ಸಮರ್ಥಿಸಿತ್ತೆಂಬುದನ್ನು ನಾಟಕ ಬಿಟ್ಟುಬಿಟ್ಟಿದ್ದು ದೊಡ್ಡ ನಷ್ಟ. ಜೀವವಿಕಾಸದ ಸತ್ಯಕ್ಕೆ ಆ ಪುಟಗಳಿಂದ ಕುಂದೇನೂ ಇಲ್ಲ; ಅವೂ ರಂಗಕ್ಕೆ ಬಂದಿದ್ದರೆ ಶಿಕ್ಷಕನ ಪರ ವಕೀಲ ಡ್ರಮಂಡ್ ಬ್ರೇಡಿಗೆ ಇನ್ನೂ ಕಠಿಣವಾದ ಉತ್ತರ ಹುಡುಕಬೇಕಾಗುತ್ತಿತ್ತು.